ಊಟ ಬಿಟ್ಟರೆ ಶುಗರ್ ಇಳಿಯುತ್ತದೆ, ಇಳಿಸುವುದು ಯಾವುದು?

1870ರ ಸೆಪ್ಟೆಂಬರ್‌ನಲ್ಲಿ ಪ್ರಷ್ಯಾದ ಸೇನೆ ಪ್ಯಾರಿಸ್‌ಗೆ ಮುತ್ತಿಗೆ ಹಾಕಿತು. ನಗರದೊಳಗೆ ಆಹಾರಕ್ಕೆ ತತ್ವಾರವಾಯಿತು. ಆ ತಿಂಗಳುಗಳಲ್ಲಿ ವೈದ್ಯ ಅಪೊಲಿನೇರ್ ಬೂಷಾರ್ಡಾ ಒಂದು ವಿಚಿತ್ರ ಗಮನಿಸಿದರು: ಅರೆಹೊಟ್ಟೆಯಲ್ಲಿದ್ದ ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆ ಕಾಣೆಯಾಗಿತ್ತು. ಉಪವಾಸವನ್ನು ಸಕ್ಕರೆ ಕಾಯಿಲೆಗೆ ಮದ್ದೆಂದು ನೋಡುವ ಆಧುನಿಕ ವೈದ್ಯರ ಯೋಚನೆಗೆ ಇಂಬು ಸಿಕ್ಕಿದ್ದು ಹೀಗೆ.

ಆ ಯೋಚನೆಯನ್ನು ಕೊನೆಯ ಅಂಚಿಗೆ ಒಯ್ದವರು ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಫ್ರೆಡರಿಕ್ ಅಲೆನ್. ಮೂತ್ರದಲ್ಲಿ ಸಕ್ಕರೆ ನಿಲ್ಲುವವರೆಗೆ ಊಟವಿಲ್ಲ. ನಿಂತ ಮೇಲೆ ತೂಗಿ ತೂಗಿ ಆಹಾರ. ಮತ್ತೆ ಸಕ್ಕರೆ ಕಂಡರೆ ಮತ್ತೆ ಉಪವಾಸ. 11ರ ವಯಸ್ಸಿನಲ್ಲಿ ಅವರ ಆರೈಕೆಗೆ ಬಂದ ಎಲಿಜಬೆತ್ ಹ್ಯೂಸ್, 1922ರ ಆಗಸ್ಟ್‌ನಲ್ಲಿ ಟೊರಾಂಟೊಗೆ ಹೋಗಿ ಇನ್ಸುಲಿನ್ ಪಡೆಯುವ ಹೊತ್ತಿಗೆ 15ರ ಹೊಸ್ತಿಲಲ್ಲಿದ್ದಳು, ತೂಕ ಸುಮಾರು 20 ಕಿಲೊ. ಉಪವಾಸ ಅವಳನ್ನು ಅಲ್ಲಿಯವರೆಗೆ ಉಳಿಸಿತ್ತು. ಅದೇ ಉಪವಾಸ ಅವಳನ್ನು ಎಲುಬಿನ ಗೂಡಾಗಿಸಿತ್ತು. ಇನ್ಸುಲಿನ್ನೇ ತಯಾರಾಗದ ಟೈಪ್ 1, ತಯಾರಾದರೂ ನಾಟದ ಟೈಪ್ 2 ಎಂಬ ಭೇದ ಆಗಿನ್ನೂ ಗಟ್ಟಿಯಾಗಿರಲಿಲ್ಲ. ಹ್ಯಾರೊಲ್ಡ್ ಹಿಮ್ಸ್‌ವರ್ತ್ ಆ ವ್ಯತ್ಯಾಸ ತೋರಿಸಿದ್ದು 1936ರಲ್ಲಿ. ಇವತ್ತಿನ ಮಾತೆಲ್ಲ ಟೈಪ್ 2ಕ್ಕೆ ಸಂಬಂಧಿಸಿದ್ದು.

ನಿಜವಾದ ತಿರುವು 2011ರದು. ನ್ಯೂಕ್ಯಾಸಲ್‌ನಲ್ಲಿ ರಾಯ್ ಟೇಲರ್ ತಂಡ 11 ಮಂದಿಗೆ ಎಂಟು ವಾರ ದಿನಕ್ಕೆ ಸುಮಾರು 600 ಕ್ಯಾಲೊರಿ ಕೊಟ್ಟಿತು. ಒಂದೇ ವಾರದಲ್ಲಿ ಬೆಳಗಿನ ಖಾಲಿಹೊಟ್ಟೆ ಶುಗರ್ ಸಹಜ ಮಟ್ಟಕ್ಕೆ ಬಂತು, ಏಕೆಂದರೆ ಮೊದಲು ಕರಗಿದ್ದು ಲಿವರ್‌ನೊಳಗಿನ ಕೊಬ್ಬು. ಕೊಬ್ಬು ತುಂಬಿದ ಲಿವರ್ ಇನ್ಸುಲಿನ್ ಮಾತು ಕೇಳದೆ ರಾತ್ರಿಯಿಡೀ ರಕ್ತಕ್ಕೆ ಗ್ಲೂಕೋಸ್ ಸುರಿಯುತ್ತದೆ. ಮೇದೋಜೀರಕ ಗ್ರಂಥಿಯ ಕೊಬ್ಬು ನಿಧಾನಕ್ಕೆ ಇಳಿಯಿತು. ಅದರ ಜೊತೆಗೇ ಇನ್ಸುಲಿನ್ ಸ್ರವಿಸುವ ಶಕ್ತಿಯೂ ಮರಳಿತು. ಇದೇ ಬಗೆಯ ಕಡಿಮೆ ಕ್ಯಾಲೊರಿ ಪಥ್ಯದ ‘ಡೈರೆಕ್ಟ್’ ಎಂಬ 2017ರ ಪ್ರಯೋಗದಲ್ಲಿ ವರ್ಷದ ಕೊನೆಗೆ 46% ಮಂದಿ ಔಷಧವಿಲ್ಲದೆ ಮಧುಮೇಹದ ಮಿತಿಯಿಂದ ಹೊರಬಂದರು; 15 ಕಿಲೊ ಅಥವಾ ಹೆಚ್ಚು ಇಳಿಸಿದವರಲ್ಲಿ ಈ ಪ್ರಮಾಣ 86%. ಇವರಾರೂ ಗಡಿಯಾರ ನೋಡಿ ಉಪವಾಸ ಮಾಡಿದವರಲ್ಲ ಎಂಬುದು ನೆನಪಿರಲಿ.

ಹಾಗಾದರೆ 16 ಗಂಟೆ ಉಪವಾಸ, 8 ಗಂಟೆಯೊಳಗೆ ಊಟ ಎನ್ನುವ ಪದ್ಧತಿ? 2023ರಲ್ಲಿ ಪ್ರಕಟವಾದ ಆರು ತಿಂಗಳ ಪ್ರಯೋಗದಲ್ಲಿ 75 ಟೈಪ್ 2 ರೋಗಿಗಳಿದ್ದರು. ಒಂದು ಗುಂಪು ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ಮಾತ್ರ ತಿಂದಿತು, ಇನ್ನೊಂದು ಕ್ಯಾಲೊರಿ ಎಣಿಸಿತು, ಮೂರನೆಯದು ಎಂದಿನಂತೆ ತಿಂದಿತು. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ, ಮೂರನೆಯದಕ್ಕೆ ಹೋಲಿಸಿದರೆ, ಮೊದಲೆರಡರಲ್ಲೂ ಸುಮಾರು 0.9 ಅಂಶ ಇಳಿಯಿತು. ವಾರಕ್ಕೆ ಎರಡು ದಿನ ಅತಿ ಕಡಿಮೆ ತಿನ್ನುವ 5:2 ಪದ್ಧತಿಯದೂ 2018ರಲ್ಲಿ ಇದೇ ಕಥೆ: ನಿತ್ಯ ಪಥ್ಯದಷ್ಟೇ ಫಲ. ಬೇಗ ಉಂಡು ಮುಗಿಸುವುದರಲ್ಲಿ ಮಾತ್ರ ಏನೋ ಇದ್ದಂತಿದೆ. ಮಧ್ಯಾಹ್ನ 3ರೊಳಗೆ ದಿನದ ಊಟ ಮುಗಿಸಿದ ಪ್ರಿಡಯಾಬಿಟಿಸ್ (ಮಧುಮೇಹದ ಹೊಸ್ತಿಲು) ಇರುವ ಪುರುಷರಲ್ಲಿ ತೂಕ ಇಳಿಯದೆಯೂ ಇನ್ಸುಲಿನ್ ಚೆನ್ನಾಗಿ ನಾಟಿತು. ಅವರು ಬರೀ ಎಂಟು ಮಂದಿ. ಅದರ ಮೇಲೆ ಮನೆ ಕಟ್ಟುವಂತಿಲ್ಲ. ಒಟ್ಟಿನಲ್ಲಿ ಗಡಿಯಾರವೆಂಬುದು ಕಡಿಮೆ ತಿನ್ನಲು ಒಂದು ಉಪಾಯ. ಕೆಲವರಿಗೆ ಲೆಕ್ಕ ಹಾಕುವುದಕ್ಕಿಂತ ಬಾಗಿಲು ಹಾಕುವುದೇ ಸುಲಭ.

ಎಡವುವುದು ಮಾತ್ರೆಯಲ್ಲಿ. ಗ್ಲಿಮಿಪಿರೈಡ್, ಗ್ಲಿಕ್ಲಜೈಡ್‌ನಂಥವು ಊಟವಿದೆಯೋ ಇಲ್ಲವೋ ನೋಡದೆ ಇನ್ಸುಲಿನ್ ಹಿಂಡಿ ತೆಗೆಯುತ್ತವೆ. ಚುಚ್ಚಿಕೊಂಡ ಇನ್ಸುಲಿನ್ನೂ ಕಾಯುವುದಿಲ್ಲ. ನ್ಯೂಜಿಲೆಂಡ್‌ನ ಪ್ರಯೋಗವೊಂದರಲ್ಲಿ ಔಷಧ ತಗ್ಗಿಸಿದ್ದರೂ ಉಪವಾಸದ ದಿನ ಲೋ ಶುಗರ್ ಇಮ್ಮಡಿಯಾಯಿತು. ಆದ್ದರಿಂದ ಮೊದಲ ಉಪವಾಸಕ್ಕೆ ಮುಂಚೆಯೇ ವೈದ್ಯರಿಂದ ಡೋಸ್ ಬದಲಿಸಿಕೊಳ್ಳಬೇಕು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಅಪಾಯ ಕಡಿಮೆ. ಕೈನಡುಕ, ಬೆವರು ಶುರುವಾಗಿ ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ವ್ರತ ಅಲ್ಲಿಗೆ ಮುಗಿಯಿತು: 15 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ.

ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಎಂಪಾಗ್ಲಿಫ್ಲೋಜಿನ್, ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳದು ಇನ್ನೂ ಕಳ್ಳ ಅಪಾಯ. ದೀರ್ಘ ಉಪವಾಸದಲ್ಲಿ ಕೀಟೋನ್ (ಕೊಬ್ಬು ಉರಿದಾಗ ಹುಟ್ಟುವ ಆಮ್ಲ) ಏರಿ ರಕ್ತ ಹುಳಿಯಾಗಬಹುದು, ಆಗಲೂ ಶುಗರ್ ಹೆಚ್ಚೇನೂ ಕಾಣದಿರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಶುಗರ್ ಮೀಟರ್ ನಂಬಿ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ ಕೀಟೋನ್ ಪರೀಕ್ಷೆ ಮಾಡಿಸಬೇಕು.