ನಿಮ್ಮ ಲಿಫ್ಟು, ಅವರ ಕೀಲಿ

"ಯಾವ ಕಂಪನಿ ಲಿಫ್ಟ್ ಒಳ್ಳೇದು ಸಾರ್?" ಈ ಪ್ರಶ್ನೆ ಬರುವ ಹೊತ್ತಿಗೆ ಲಿಫ್ಟ್ ಓಡುವ ಗೂಡು, ಅಂದರೆ ಶಾಫ್ಟ್, ಕಟ್ಟಿ ಮುಗಿದಿರುತ್ತದೆ, ಪ್ಲಾಸ್ಟರಿಂಗ್ ಕೂಡ ಆಗಿರುತ್ತದೆ, ಕೈಯಲ್ಲಿ ಮೂರು ಕೊಟೇಶನ್ ಇರುತ್ತವೆ. ಮೂರರಲ್ಲೂ ಮಾಲೀಕರು ನೋಡಿರುವುದು ಎರಡೇ ಜಾಗ: ಮೇಲಿರುವ ಕಂಪನಿ ಹೆಸರು, ಕೆಳಗಿರುವ ಮೊತ್ತ. ನಡುವಿನ ಪುಟಗಳನ್ನು ಮಡಿಸಿದ ಗೆರೆ ಕೂಡ ಬಿಚ್ಚಿರುವುದಿಲ್ಲ.

ನೆಲಮಹಡಿಯ ಮೇಲೆ ನಾಲ್ಕು ಅಂತಸ್ತು, ಒಟ್ಟು ಅರವತ್ತು ಜನ ಕೆಲಸ ಮಾಡುವ ಕಚೇರಿ ಕಟ್ಟಡವನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ನಲವತ್ತು-ಅರವತ್ತರ ಸೈಟುಗಳಲ್ಲಿ ಏಳುವುದು ಹೆಚ್ಚಾಗಿ ಇಂಥದ್ದೇ. ಇದಕ್ಕೆ ವೇಗದ ಚಿಂತೆ ಬೇಡ. ಒಟ್ಟು ಏರಿಕೆ 13 ಮೀಟರ್ ಆಸುಪಾಸು. ಸೆಕೆಂಡಿಗೆ 1 ಮೀಟರ್ ಬದಲು 1.5 ಮೀಟರಿನದು ಹಾಕಿದರೆ ಉಳಿಯುವುದು ಮೂರು-ನಾಲ್ಕು ಸೆಕೆಂಡು. ಅಷ್ಟು ಹೊತ್ತನ್ನು ಬಾಗಿಲು ಒಂದು ಸಲ ತೆರೆದು ಮುಚ್ಚುವಾಗಲೇ ನುಂಗಿಬಿಡುತ್ತದೆ.

ಅಳತೆಯ ವಿಷಯಕ್ಕೆ ಬಂದರೆ, ಎಷ್ಟು ಜನ ಎಂದು ಕೇಳಬೇಡಿ, ಎಷ್ಟು ಕೆ.ಜಿ. ಎಂದು ಕೇಳಿ. ನಮ್ಮಲ್ಲಿ ತಲೆಗೆ 68 ಕೆ.ಜಿ. ಹಿಡಿಯುವುದು ಹಳೆಯ ರೂಢಿ. ಹಾಗಾಗಿ 8 ಜನದ್ದು 544 ಕೆ.ಜಿ., 10 ಜನದ್ದು 680 ಕೆ.ಜಿ. ಕೆಲವರು ಈಗ ತಲೆಗೆ 75 ಹಿಡಿಯುತ್ತಾರೆ. 544ರ ಕ್ಯಾಬಿನ್ ಸಾಮಾನ್ಯವಾಗಿ 1300 ಮಿ.ಮೀ. ಅಗಲ, 1100 ಮಿ.ಮೀ. ಆಳ. ಗಾಲಿಕುರ್ಚಿಯ ಉದ್ದ 1200ರ ಹತ್ತಿರ. ಒಳಗೆ ಹೋದರೂ ಬಾಗಿಲು ಮುಚ್ಚುವುದಿಲ್ಲ. 680ರದ್ದಕ್ಕೆ ಆಳ 1350 ಸಿಗುತ್ತದೆ, ಆದರೆ ಶಾಫ್ಟ್ 1900 ಅಗಲ, 2100 ಆಳ ಬೇಕಾಗುತ್ತದೆ; 544ರದ್ದಕ್ಕೆ ಆಳ 1900 ಸಾಕು. ಈ ಇನ್ನೂರು ಮಿಲಿಮೀಟರನ್ನು ಪ್ಲಾನ್ ಬರೆಯುವಾಗಲೇ ಬಿಟ್ಟಿರಬೇಕು, ಗೋಡೆ ಎದ್ದ ಮೇಲೆ ಅಲ್ಲ. ಬಾಗಿಲು 800ರ ಬದಲು 900 ಇದ್ದರೆ ಇನ್ನೂ ಒಳ್ಳೆಯದು. ಕಂಪನಿಯಿಂದ ಕಂಪನಿಗೆ ಇವು ಅಲ್ಪಸ್ವಲ್ಪ ಬದಲಾಗುತ್ತವೆ, ಅವರ ಡ್ರಾಯಿಂಗನ್ನೇ ಅಂತಿಮ ಎಂದುಕೊಳ್ಳಿ.

ಶಾಫ್ಟಿನ ತಳದಲ್ಲಿ ಬಿಡುವ ಗುಂಡಿ, ಅಂದರೆ ಪಿಟ್, ಅದರ ಬಗ್ಗೆ ಒಂದೇ ಮಾತು. ಜಾಗ ಉಳಿಯಿತೆಂದು ನೀರಿನ ಸಂಪನ್ನು ಲಿಫ್ಟ್ ಪಿಟ್‌ಗೆ ಅಂಟಿಸಿ ಕಟ್ಟಬೇಡಿ. ಎರಡಕ್ಕೂ ಒಂದೇ ಗೋಡೆ ಇದ್ದಲ್ಲಿ ಇವತ್ತಲ್ಲ ನಾಳೆ ನೀರು ಜಿನುಗುತ್ತದೆ. ಮಂಗಳೂರಿನ ಕಡೆಯಂತೂ ವರ್ಷಕ್ಕೆ ಮೂರು ಸಾವಿರ ಮಿ.ಮೀ. ದಾಟುವ ಮಳೆ, ಜೊತೆಗೆ ಉಪ್ಪುಗಾಳಿ. ಅಲ್ಲಿ ಪಿಟ್‌ನ ವಾಟರ್‌ಪ್ರೂಫಿಂಗಿನಲ್ಲಿ ಉಳಿಸಿದ ದುಡ್ಡು ಕ್ಯಾಬಿನ್ ತಳಕ್ಕೆ ಬಿದ್ದರೆ ತಡೆಯುವ ಬಫರ್, ವೇಗ ಮೀರಿದರೆ ಹಿಡಿಯುವ ಗವರ್ನರ್ ಹಗ್ಗದ ಕೆಳಗಿನ ಚಕ್ರ, ಮಿತಿ ದಾಟಿದರೆ ನಿಲ್ಲಿಸುವ ಲಿಮಿಟ್ ಸ್ವಿಚ್‌ಗಳ ತುಕ್ಕಾಗಿ ವಾಪಸು ಬರುತ್ತದೆ. ಇದನ್ನು ಇಲ್ಲಿ ಎತ್ತಲು ಇನ್ನೊಂದು ಕಾರಣವೂ ಇದೆ, ಮುಂದೆ ಹೇಳುತ್ತೇನೆ.

ಈಗ ಮುಖ್ಯ ವಿಷಯ. ಮೋಟಾರ್ ಬಗ್ಗೆ ಎಲ್ಲರೂ ಕೇಳುತ್ತಾರೆ: ಗೇರ್‌ಲೆಸ್ಸಾ, ಯಾವ ದೇಶದ್ದು? ಗೇರ್‌ಲೆಸ್ ಮೋಟಾರು, ಅದರ ವೇಗವನ್ನು ನಯವಾಗಿ ಏರಿಳಿಸುವ ವಿವಿವಿಎಫ್ ಡ್ರೈವು ಈಗ ಎಲ್ಲ ಕೊಟೇಶನ್ನಿನಲ್ಲೂ ಇರುತ್ತವೆ. ಗಂಟೆಗೆ 180 ಸಲ ಸ್ಟಾರ್ಟ್ ಆದರೂ ಮೋಟಾರು ತಡೆದುಕೊಳ್ಳುತ್ತದೆಯೇ ಎಂದು ಕೇಳಿ ಮುಂದೆ ಹೋಗಿ. ಯಾರೂ ಕೇಳದಿರುವುದು ಕಂಟ್ರೋಲರ್ ಬಗ್ಗೆ. ಮೋಟಾರಿಗೆ ಯಾವಾಗ ತಿರುಗಬೇಕು, ಬ್ರೇಕಿಗೆ ಯಾವಾಗ ಬಿಡಬೇಕು, ಬಾಗಿಲಿಗೆ ಯಾವಾಗ ತೆರೆಯಬೇಕು ಎಂದು ಹೇಳುವ ಪೆಟ್ಟಿಗೆ ಅದು. ಲಿಫ್ಟ್ ನಿಂತರೆ ಯಾಕೆ ನಿಂತಿತೆಂದು ಅದರ ನೆನಪಿನಲ್ಲಿ ದಾಖಲಾಗಿರುತ್ತದೆ.

ಆ ದಾಖಲೆಯನ್ನು ಓದುವವರು ಯಾರು? ಕೆಲವು ಕಂಟ್ರೋಲರ್‌ಗಳಲ್ಲಿ ದೋಷದ ಸಂಖ್ಯೆ ಬೋರ್ಡಿನ ಮೇಲೇ ಕಾಣುತ್ತದೆ, ಅರ್ಥ ಪುಸ್ತಕದಲ್ಲಿರುತ್ತದೆ, ಅನುಭವಿ ಮೆಕ್ಯಾನಿಕ್ ಯಾರೇ ಬಂದರೂ ನೋಡಬಲ್ಲ. ಇನ್ನು ಕೆಲವಕ್ಕೆ ಕಂಪನಿಯದೇ ಕೈಯುಪಕರಣ ಬೇಕು, ಪಾಸ್‌ವರ್ಡ್ ಬೇಕು. ಅವಿಲ್ಲದೆ ಬಾಗಿಲು ಮುಚ್ಚುವ ಸಮಯವನ್ನು ಒಂದು ಸೆಕೆಂಡು ಹೆಚ್ಚಿಸಲೂ ಆಗುವುದಿಲ್ಲ. ವಾರಂಟಿ ನಡೆಯುವಾಗ ಇದು ಗೊತ್ತಾಗುವುದಿಲ್ಲ. ಮೂರನೇ ವರ್ಷ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ದರ ಏರಿಸಿದಾಗ, ಬೇರೆಯವರಿಗೆ ಕೊಡೋಣವೆಂದು ಹೊರಟಾಗ ಗೊತ್ತಾಗುತ್ತದೆ. ಬಂದ ಹೊಸಬರು ಪೆಟ್ಟಿಗೆ ತೆರೆದು ನೋಡಿ, "ಇದು ನಮ್ಮ ಕೈಲಾಗಲ್ಲ, ಕಂಟ್ರೋಲರ್ ಬದಲಾಯಿಸಿ" ಎನ್ನುತ್ತಾರೆ. ಲಿಫ್ಟಿಗೆ ದುಡ್ಡು ಕೊಟ್ಟವರು ನೀವು, ಕೀಲಿ ಇಟ್ಟುಕೊಂಡವರು ಅವರು.

ಮುಚ್ಚಿದ ಕಂಟ್ರೋಲರ್ ಕೆಟ್ಟದ್ದು ಎಂದಲ್ಲ. ದೊಡ್ಡ ಕಂಪನಿಗಳ ಸ್ವಂತ ಬೋರ್ಡುಗಳು ಬಹುತೇಕ ಚೆನ್ನಾಗಿಯೇ ಓಡುತ್ತವೆ, ಹತ್ತಿರದಲ್ಲೇ ಅವರ ಸರ್ವಿಸ್ ಕಚೇರಿ ಇದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಆದರೆ ಚಿತ್ರದುರ್ಗದಲ್ಲೋ ಗದಗದಲ್ಲೋ ಕಟ್ಟಡ ಇದ್ದು, ಮೆಕ್ಯಾನಿಕ್ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬರಬೇಕೆಂದರೆ ಲೆಕ್ಕ ಬೇರೆ. ಅಲ್ಲಿ ಎಲ್ಲರಿಗೂ ತೆರೆಯಬರುವ ಕಂಟ್ರೋಲರ್ ಇರುವ ಸಾಧಾರಣ ಲಿಫ್ಟೇ ಹೆಚ್ಚು ದಿನ ಓಡುತ್ತದೆ. ಇದೇ ಕಾರಣಕ್ಕೆ, ತಾರಸಿಯಲ್ಲಿ ಜಾಗವಿದ್ದರೆ ಮೋಟಾರು, ಕಂಟ್ರೋಲರ್ ಇಡಲು ಪುಟ್ಟ ಮಷಿನ್ ರೂಮ್ ಕಟ್ಟಿ ಎನ್ನುತ್ತೇನೆ. ಮಷಿನ್ ರೂಮ್ ಇಲ್ಲದ ಲಿಫ್ಟ್ ಈಗಿನ ಫ್ಯಾಷನ್ನು, ಅದರಲ್ಲಿ ತಪ್ಪೇನಿಲ್ಲ. ಆದರೆ ಮೋಟಾರ್ ಶಾಫ್ಟಿನ ನೆತ್ತಿಯಲ್ಲಿದ್ದರೆ ಅದನ್ನು ರಿಪೇರಿ ಮಾಡುವವನು ಕ್ಯಾಬಿನ್ ಮೇಲೆ ನಿಲ್ಲಬೇಕು. ರೂಮ್ ಇದ್ದರೆ ನೆಲದ ಮೇಲೆ ನಿಲ್ಲುತ್ತಾನೆ.

ಆದ್ದರಿಂದ ಆರ್ಡರ್ ಕೊಡುವ ಮುಂಚೆ ಇವನ್ನು ಬರಹದಲ್ಲಿ ಕೇಳಿ. ಹಸ್ತಾಂತರದ ದಿನ ವೈರಿಂಗ್ ಡ್ರಾಯಿಂಗ್, ದೋಷಸಂಖ್ಯೆಗಳ ಪುಸ್ತಕ, ಕಂಟ್ರೋಲರಿನಲ್ಲಿ ಹೊಂದಿಸಿದ ಪ್ಯಾರಾಮೀಟರ್‌ಗಳ ಪ್ರಿಂಟು, ಪಾಸ್‌ವರ್ಡ್ ಅಥವಾ ಕೈಯುಪಕರಣ ಸಿಗಬೇಕು. ಮೇನ್ ಬೋರ್ಡ್, ಡ್ರೈವ್, ಬಾಗಿಲಿನ ಮೋಟಾರು, ಬಾಗಿಲಿಗೆ ಅಡ್ಡ ಬಂದವರನ್ನು ಗುರುತಿಸುವ ಲೈಟ್ ಕರ್ಟನ್ ಈ ನಾಲ್ಕರ ದರಪಟ್ಟಿ ಈಗಲೇ ಬೇಕು. ವಾರಂಟಿ ಮುಗಿದ ಮೇಲಿನ ಐದು ವರ್ಷದ ಎಎಂಸಿ ದರವೂ ಈಗಲೇ ಬೇಕು, ಜಿಎಸ್‌ಟಿ ಸೇರಿಸಿ. ಜನ ಒಳಗೆ ಸಿಕ್ಕಿಕೊಂಡರೆ ಎಷ್ಟು ನಿಮಿಷದಲ್ಲಿ ಬರುತ್ತಾರೆ, ಸುಮ್ಮನೆ ಕೆಟ್ಟು ನಿಂತರೆ ಎಷ್ಟು ಗಂಟೆಯಲ್ಲಿ ಬರುತ್ತಾರೆ, ಎರಡನ್ನೂ ಬೇರೆ ಬೇರೆ ಬರೆಸಿ. ಪಾಸ್‌ವರ್ಡಿನ ಮಾತಿಗೆ ಮಾರಾಟದ ಹುಡುಗ ನಕ್ಕು ವಿಷಯ ಬದಲಿಸಿದರೆ ಅದೂ ಒಂದು ಉತ್ತರವೇ.

ಎಎಂಸಿಯಲ್ಲಿ "ಕಾಂಪ್ರಹೆನ್ಸಿವ್" ಎಂಬ ಪದ ಕಂಡು ಸಮಾಧಾನಪಡುವವರು ಬಹಳ. ಅದರ ಕೆಳಗೆ ಸಣ್ಣಕ್ಷರದಲ್ಲಿ ಏನೇನು ಸೇರಿಲ್ಲ ಎಂಬ ಪಟ್ಟಿ ಇರುತ್ತದೆ: ಬ್ಯಾಟರಿ, ಕೆಲವೊಮ್ಮೆ ಹಗ್ಗ, ವೋಲ್ಟೇಜ್ ಏರುಪೇರಿನಿಂದ ಸುಟ್ಟದ್ದು, ಮತ್ತು ನೀರಿನಿಂದ ಹಾಳಾದದ್ದು. ಪಿಟ್ ಬಗ್ಗೆ ಆಗಲೇ ಹೇಳಿದ್ದು ಇದಕ್ಕೇ. ವಾರಂಟಿಯ ಸಾಲನ್ನೂ ಓದಿ. "ಹಸ್ತಾಂತರದಿಂದ 12 ತಿಂಗಳು ಅಥವಾ ಸಾಮಗ್ರಿ ರವಾನೆಯಿಂದ 15 ತಿಂಗಳು, ಯಾವುದು ಮೊದಲೋ ಅದು" ಎಂಬಂಥ ಷರತ್ತು ಸಾಮಾನ್ಯ. ಸಾಮಾನು ಬಂದು ಸೆಲ್ಲಾರಿನಲ್ಲಿ ಪೇಂಟಿಂಗ್ ಮುಗಿಯಲೆಂದು ಎಂಟು ತಿಂಗಳು ಬಿದ್ದಿದ್ದರೆ, ಲಿಫ್ಟ್ ಓಡುವ ಮೊದಲೇ ವಾರಂಟಿಯ ಅರ್ಧಕ್ಕಿಂತ ಹೆಚ್ಚು ಓಡಿರುತ್ತದೆ.

ಇನ್ನು ಬಾಗಿಲು. ದಿನನಿತ್ಯದ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲೇ. ಬಾಗಿಲು ಜಾರುವ ಹೊಸ್ತಿಲಿನ ತೋಡಿನಲ್ಲಿ ಮರಳು, ಬಾಟಲಿ ಮುಚ್ಚಳ, ಸ್ಟೇಪಲ್ ಪಿನ್ನು ಸೇರುತ್ತದೆ, ಬಾಗಿಲು ಪೂರ್ತಿ ಕೂರುವುದಿಲ್ಲ, ಲಾಕ್ ಕಾಂಟ್ಯಾಕ್ಟ್ ಸೇರುವುದಿಲ್ಲ, ಲಿಫ್ಟ್ ಹೊರಡುವುದಿಲ್ಲ. ಕನ್ನಡಿ, ಗ್ರಾನೈಟ್ ನೆಲಕ್ಕೆ ಕೊಡುವ ದುಡ್ಡನ್ನು ಬಾಗಿಲು ತೆರೆದು ಮುಚ್ಚುವ ಯಂತ್ರಕ್ಕೆ (ಆಪರೇಟರ್) ಹಾಕಿ. ದಿನಾ ಕಸ ಗುಡಿಸುವವರಿಗೆ ಆ ತೋಡನ್ನು ಬ್ರಷ್‌ನಿಂದ ಉಜ್ಜಲು ಹೇಳಿ, ನೀರು ಸುರಿದು ತೊಳೆಯಬೇಡಿ ಎಂದೂ ಹೇಳಿ.

ಕರೆಂಟ್ ಹೋದಾಗ ಹತ್ತಿರದ ಮಹಡಿಗೆ ಒಯ್ಯುವ ಎಆರ್‌ಡಿ ಎಲ್ಲರೂ ಹಾಕಿಸುತ್ತಾರೆ, ಪರೀಕ್ಷಿಸುವವರು ಕಡಿಮೆ. ಹಗ್ಗದ ಇನ್ನೊಂದು ತುದಿಯಲ್ಲಿ ತೂಗುವ ಕೌಂಟರ್‌ವೇಟ್‌ನ ತೂಕ ಕ್ಯಾಬಿನ್ ತೂಕದ ಜೊತೆಗೆ ಪೂರ್ಣ ಭಾರದ ಸುಮಾರು ಅರ್ಧ. ಹಾಗಾಗಿ ಖಾಲಿ ಕ್ಯಾಬಿನ್ ಮೇಲಕ್ಕೆ ಹಗುರ, ತುಂಬಿದ್ದು ಕೆಳಕ್ಕೆ ಹಗುರ. ಕೊನೆಯ ಕಂತು ಕೊಡುವ ಮುಂಚೆ ಎರಡು ಮಹಡಿಗಳ ನಡುವೆ ಮೇನ್ಸ್ ಆರಿಸಿ ನೋಡಿ, ಒಮ್ಮೆ ಖಾಲಿ, ಒಮ್ಮೆ ಪೂರ್ಣ ತೂಕ ಇಟ್ಟು. ಎರಡೂ ಸಲ ಮಹಡಿ ಸಮಕ್ಕೆ ನಿಂತು ಬಾಗಿಲು ತೆರೆಯಬೇಕು. ಬ್ಯಾಟರಿಯ ಆಯಸ್ಸು ಎರಡು-ಮೂರು ವರ್ಷ, ಆಮೇಲೆ ಪೆಟ್ಟಿಗೆ ಮಾತ್ರ ಇರುತ್ತದೆ.

ಕರ್ನಾಟಕದಲ್ಲಿ 2012ರ ಲಿಫ್ಟ್ ಕಾಯ್ದೆಯಡಿ ಅನುಮತಿ, ಪರಿಶೀಲನೆ, ಲೈಸೆನ್ಸ್ ನೋಡುವುದು ವಿದ್ಯುತ್ ಪರಿವೀಕ್ಷಣಾಲಯ. "ಕಂಪನಿಯವರೇ ಮಾಡಿಕೊಡುತ್ತಾರೆ" ಎನ್ನುವುದು ಓಡಾಟದ ಮಟ್ಟಿಗೆ ನಿಜ, ಹೊಣೆ ಮಾಲೀಕರದ್ದೇ. ಶುಲ್ಕ, ನಮೂನೆಗಳನ್ನು ಆ ಕಚೇರಿಯಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ.

ಹಸ್ತಾಂತರದ ದಿನ ಇನ್ನೊಂದು ಕೀಲಿಯೂ ಬರುತ್ತದೆ. ಮಹಡಿಯ ಬಾಗಿಲನ್ನು ಹೊರಗಿನಿಂದ ತೆರೆಯುವ ತ್ರಿಕೋನಾಕಾರದ್ದು. ಅದನ್ನು ವಾಚ್‌ಮನ್ ಮೇಜಿನ ಮೊಳೆಗೆ ನೇತುಹಾಕಬೇಡಿ. ಕ್ಯಾಬಿನ್ ಎರಡು ಮಹಡಿಗಳ ನಡುವೆ ನಿಂತಿರುವಾಗ ಅವಸರದಲ್ಲಿ ಬಾಗಿಲು ತೆರೆದು ಜನರನ್ನು ಕೈಹಿಡಿದು ಇಳಿಸಲು ಹೋದರೆ, ಕ್ಯಾಬಿನ್ನಿನ ಕೆಳಗೆ ಶಾಫ್ಟ್ ಬಾಯಿ ತೆರೆದಿರುತ್ತದೆ. ತರಬೇತಿ ಪಡೆದ ಇಬ್ಬರ ಹೆಸರು ಬರೆದು, ಸಹಿ ಹಾಕಿಸಿಕೊಂಡು ಅವರ ಕೈಗೇ ಕೀಲಿ ಕೊಡಿ.