ಛೇದದಲ್ಲಿ ಯಾರಿದ್ದಾರೆ? ಐವಿಎಫ್ ಮತ್ತು ಗರ್ಭಾವಸ್ಥೆಯ ಪ್ರಯೋಗಗಳನ್ನು ಓದುವವರಿಗೆ ಟಿಪ್ಪಣಿ

ಐವಿಎಫ್ (ದೇಹದ ಹೊರಗೆ ಅಂಡಾಣು ಫಲೀಕರಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ) ಪ್ರಯೋಗದ ವರದಿ ಕೈಗೆ ಬಂದಾಗ ಶೇಕಡಾವಾರು ಓದುವ ಮೊದಲು ಅದರ ಛೇದ, ಅಂದರೆ ಯಾವ ಸಂಖ್ಯೆಯಿಂದ ಭಾಗಿಸಿದ್ದಾರೆ ಅನ್ನುವುದನ್ನು, ಹುಡುಕಿ. ಪ್ರಯೋಗ ಒಂದೇ, ಮಹಿಳೆಯರು ಅವರೇ. ಛೇದ ಬದಲಾದರೆ ಗೆದ್ದಂತೆ ಕಾಣುವ ಗುಂಪೇ ಬದಲಾಗಿಬಿಡಬಹುದು. ಜರ್ನಲ್ ಕ್ಲಬ್‌ನಲ್ಲಿ (ವೈದ್ಯರು ಸೇರಿ ಸಂಶೋಧನಾ ವರದಿ ಓದುವ ಕೂಟ) ಪಿ ಮೌಲ್ಯದ (ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) ಬಗ್ಗೆ ಗಂಟೆಗಟ್ಟಲೆ ಚರ್ಚೆಯಾಗುತ್ತದೆ, ಛೇದದ ಬಗ್ಗೆ ಯಾರೂ ಕೇಳುವುದಿಲ್ಲ. ಅದಕ್ಕೇ ಈ ಟಿಪ್ಪಣಿಯ ಹೆಚ್ಚು ಜಾಗ ಅದಕ್ಕೇ ಹೋಗಿದೆ.

ಐವಿಎಫ್ ಸೈಕಲ್ (ಒಂದು ಸುತ್ತಿನ ಚಿಕಿತ್ಸೆ) ಅಂದರೆ ಒಂದರ ಕೆಳಗೊಂದು ಇಟ್ಟ ಜರಡಿಗಳು. ಇಂಜೆಕ್ಷನ್ ಶುರುವಾದವರಲ್ಲಿ ಕೆಲವರಿಗೆ ಫಾಲಿಕಲ್ (ಅಂಡಾಣು ಬೆಳೆಯುವ ಚೀಲ) ಬೆಳೆಯುವುದಿಲ್ಲ. ಅಂಡಾಣು ತೆಗೆದ ಮೇಲೂ ಕೆಲವರಲ್ಲಿ ಫಲೀಕರಣ ಆಗುವುದಿಲ್ಲ. ಫಲಿತ ಭ್ರೂಣಗಳಲ್ಲಿ ಹಲವು ಐದನೇ ದಿನದ ಬ್ಲಾಸ್ಟೊಸಿಸ್ಟ್ ಹಂತ ಮುಟ್ಟುವುದಿಲ್ಲ. ಟ್ರಾನ್ಸ್‌ಫರ್ (ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದು) ಆದವರಲ್ಲಿ ಕೆಲವರ ಬೀಟಾ ಎಚ್‌ಸಿಜಿ (ಗರ್ಭ ನಿಂತದ್ದನ್ನು ತೋರಿಸುವ ರಕ್ತದ ಹಾರ್ಮೋನ್) ಏರುತ್ತದೆ, ಅವರಲ್ಲಿ ಕೆಲವರಿಗೆ ಸ್ಕ್ಯಾನ್‌ನಲ್ಲಿ ಗರ್ಭಚೀಲ ಕಾಣುತ್ತದೆ, ಅವರಲ್ಲೂ ಕೆಲವರಿಗೆ ಮಾತ್ರ ಜೀವಂತ ಮಗು ಹುಟ್ಟುತ್ತದೆ. ಯಾವ ಜರಡಿಯ ಕೆಳಗಿನಿಂದ ಎಣಿಸಿದರೂ ಒಂದು ಶೇಕಡಾವಾರು ಸಿಗುತ್ತದೆ, ಕೆಳಕ್ಕೆ ಹೋದಷ್ಟೂ ಅದು ದೊಡ್ಡದಾಗಿ ಕಾಣುತ್ತದೆ.

ಎಡವುವ ಹೆಜ್ಜೆ: ಟ್ರಾನ್ಸ್‌ಫರ್‌ನಿಂದ ಭಾಗಿಸುವುದು ಯಾಕೆ ತಪ್ಪು

ಪಿಜಿಟಿ-ಎ ಉದಾಹರಣೆ ತೆಗೆದುಕೊಳ್ಳೋಣ. ಬ್ಲಾಸ್ಟೊಸಿಸ್ಟ್‌ನ ಹೊರಪದರದಿಂದ ಕೆಲವು ಜೀವಕೋಶಗಳನ್ನು ತೆಗೆದು, ವರ್ಣತಂತುಗಳ ಸಂಖ್ಯೆ ಸರಿಯಿದೆಯೇ ನೋಡಿ, ಸರಿಯಿದ್ದ ಭ್ರೂಣವನ್ನು ಮಾತ್ರ ಗರ್ಭಕೋಶಕ್ಕೆ ಬಿಡುವ ಪರೀಕ್ಷೆ ಇದು. ಮೊದಲು ಕಲ್ಪಿತ ಲೆಕ್ಕ. ಎರಡು ಗುಂಪು, ತಲಾ 100 ಮಹಿಳೆಯರು. ಪರೀಕ್ಷೆಯ ಗುಂಪಿನಲ್ಲಿ 20 ಮಂದಿಗೆ 'ಸರಿ' ಅನ್ನುವ ಭ್ರೂಣ ಒಂದೂ ಸಿಗಲಿಲ್ಲ. 80 ಮಂದಿಗೆ ಟ್ರಾನ್ಸ್‌ಫರ್ ಆಯಿತು, 40 ಮಂದಿಗೆ ಮಗುವಾಯಿತು. ಪರೀಕ್ಷೆ ಇಲ್ಲದ ಗುಂಪಿನಲ್ಲಿ 95 ಮಂದಿಗೆ ಟ್ರಾನ್ಸ್‌ಫರ್ ಆಯಿತು, 42 ಮಂದಿಗೆ ಮಗುವಾಯಿತು. ಟ್ರಾನ್ಸ್‌ಫರ್‌ನಿಂದ ಭಾಗಿಸಿದರೆ 50% ಎದುರು 44%: ಪರೀಕ್ಷೆ ಗೆದ್ದಂತೆ. ಮಹಿಳೆಯರಿಂದ ಭಾಗಿಸಿದರೆ 40% ಎದುರು 42%.

ಇಲ್ಲಿ ಎಲ್ಲರಿಗೂ ಬರುವ ಪ್ರಶ್ನೆ: ಆ 20 ಮಂದಿಗೆ ಭ್ರೂಣವನ್ನೇ ಬಿಟ್ಟಿಲ್ಲವಲ್ಲ, ಅವರನ್ನು ಲೆಕ್ಕಕ್ಕೆ ಹಿಡಿಯುವುದು ಅನ್ಯಾಯವಲ್ಲವೇ? ಅಲ್ಲ. ಯಾದೃಚ್ಛಿಕ ಹಂಚಿಕೆಯಿಂದ (ಯಾರು ಯಾವ ಗುಂಪಿಗೆ ಎಂದು ಚೀಟಿ ಎತ್ತಿದಂತೆ ನಿರ್ಧರಿಸುವುದು) ಎರಡೂ ಗುಂಪಿಗೆ ಒಂದೇ ಬಗೆಯ ಮಹಿಳೆಯರು ಹೋಗಿದ್ದಾರೆ. ಅಂದರೆ ಆ 20 ಮಂದಿಯಂಥವರು ಇನ್ನೊಂದು ಗುಂಪಿನಲ್ಲೂ ಸುಮಾರು ಅಷ್ಟೇ ಇದ್ದಾರೆ. ಅಲ್ಲಿ ಪರೀಕ್ಷೆ ಆಗದ್ದರಿಂದ ಅವರು ಯಾರೆಂದು ಗೊತ್ತಾಗುವುದಿಲ್ಲ. ಅವರಿಗೂ ಟ್ರಾನ್ಸ್‌ಫರ್ ಆಗಿದೆ, ಹೆಚ್ಚಿನವರಿಗೆ ವಿಫಲವಾಗಿದೆ, ಆ ವೈಫಲ್ಯವೆಲ್ಲ ಆ ಗುಂಪಿನ ಲೆಕ್ಕಕ್ಕೆ ಸೇರಿದೆ. ಟ್ರಾನ್ಸ್‌ಫರ್‌ನಿಂದ ಭಾಗಿಸಿದಾಗ ಕಷ್ಟದ ಪ್ರಕರಣಗಳನ್ನು ಒಂದು ಬದಿಯಿಂದ ಮಾತ್ರ ಹೊರಗೆ ಹಾಕಿದಂತಾಯಿತು. ಉಳಿದ 80 ಮತ್ತು 95 ಈಗ ಹೋಲಿಸಬಹುದಾದ ಗುಂಪುಗಳಾಗಿ ಉಳಿದಿಲ್ಲ, ಹಂಚಿಕೆಯ ಪ್ರಯೋಜನವೇ ಹೋಯಿತು. ಮೇಲಾಗಿ, ಪರೀಕ್ಷೆಯಲ್ಲಿ ಸರಿಯಿಲ್ಲ ಎಂದು ಬದಿಗಿಟ್ಟ ಭ್ರೂಣಗಳಲ್ಲಿ ಕೆಲವಾದರೂ ಆರೋಗ್ಯವಂತ ಮಗುವಾಗಬಹುದಾಗಿದ್ದವೇ ಅನ್ನುವ ಪ್ರಶ್ನೆಗೆ ಉತ್ತರ ಸಿಗುವುದು ಆ 20 ಮಂದಿಯನ್ನು ಛೇದದಲ್ಲಿ ಇಟ್ಟುಕೊಂಡಾಗ ಮಾತ್ರ.

ಈಗ ನಿಜವಾದ ಅಂಕಿಗಳು. 2019ರಲ್ಲಿ ಪ್ರಕಟವಾದ, ಪಿಜಿಟಿ-ಎ ಕುರಿತ ಸ್ಟಾರ್ ಪ್ರಯೋಗದಲ್ಲಿ 25ರಿಂದ 40 ವರ್ಷದ 661 ಮಹಿಳೆಯರಿದ್ದರು. ಮುಂದುವರಿದ ಗರ್ಭಧಾರಣೆ ಟ್ರಾನ್ಸ್‌ಫರ್ ಲೆಕ್ಕದಲ್ಲಿ ಪರೀಕ್ಷೆಯ ಗುಂಪಿಗೆ 274ರಲ್ಲಿ 137, ಅಂದರೆ 50%. ಇನ್ನೊಂದಕ್ಕೆ 313ರಲ್ಲಿ 143, ಅಂದರೆ 46%. ಹಂಚಿಕೆಯಾದ ಎಲ್ಲರ ಲೆಕ್ಕದಲ್ಲಿ 330ರಲ್ಲಿ 138 (41.8%) ಎದುರು 331ರಲ್ಲಿ 144 (43.5%). ದಿಕ್ಕೇ ತಿರುಗಿತು. ಎರಡೂ ಲೆಕ್ಕದಲ್ಲಿ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪ್ರಕಾರ ಗಣನೀಯವಲ್ಲ, ಅದು ಬೇರೆ ಮಾತು. 35ರಿಂದ 40 ವರ್ಷದವರನ್ನು ಆಮೇಲೆ ಪ್ರತ್ಯೇಕವಾಗಿ ನೋಡಿದಾಗ ಟ್ರಾನ್ಸ್‌ಫರ್ ಲೆಕ್ಕದಲ್ಲಿ ಲಾಭ ಕಂಡಿತು, ಹಂಚಿಕೆಯ ಲೆಕ್ಕದಲ್ಲಿ ಕಾಣಲಿಲ್ಲ. ಆಸ್ಪತ್ರೆಗಳ ಕರಪತ್ರದಲ್ಲಿ 'ಪ್ರತಿ ಟ್ರಾನ್ಸ್‌ಫರ್‌ಗೆ ಯಶಸ್ಸು' ಎಂದು ಕಂಡಾಗ, ಟ್ರಾನ್ಸ್‌ಫರ್‌ವರೆಗೆ ಬಾರದವರು ಎಷ್ಟು ಮಂದಿ ಎಂದು ಕೇಳುವುದು ದಂಪತಿಯ ಹಕ್ಕು.

ಚೀನಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಸ್ಪಷ್ಟ. ಮೂರು ಅಥವಾ ಹೆಚ್ಚು ಒಳ್ಳೆಯ ಬ್ಲಾಸ್ಟೊಸಿಸ್ಟ್ ಇದ್ದ, 20ರಿಂದ 37 ವರ್ಷದ 1,212 ಮಹಿಳೆಯರು; ಒಂದು ವರ್ಷದೊಳಗೆ ಮೂರು ಟ್ರಾನ್ಸ್‌ಫರ್‌ವರೆಗಿನ ಒಟ್ಟು ಜೀವಂತ ಜನನ ಪಿಜಿಟಿ-ಎ ಗುಂಪಿನಲ್ಲಿ 77.2%, ಸಾಮಾನ್ಯ ಐವಿಎಫ್‌ನಲ್ಲಿ 81.8%. ಗರ್ಭಪಾತ ಮಾತ್ರ ಕಡಿಮೆ: 8.7% ಎದುರು 12.6%. ಹಾಗಾಗಿ ಪರೀಕ್ಷೆಯಿಂದ ಏನೂ ಉಪಯೋಗವಿಲ್ಲ ಅನ್ನುವುದು ಸರಿಯಲ್ಲ. ಗರ್ಭ ಕಳೆದುಕೊಳ್ಳುವ ನೋವು ಸ್ವಲ್ಪ ತಪ್ಪಬಹುದು, ಕೊನೆಗೆ ಮಗು ಸಿಗುವ ಸಾಧ್ಯತೆ ಈ ವಯಸ್ಸಿನವರಲ್ಲಿ ಹೆಚ್ಚಲಿಲ್ಲ. ದಂಪತಿಗೆ ಎರಡನ್ನೂ ಬೇರೆ ಬೇರೆಯಾಗಿ ಹೇಳಬೇಕು.

ಗರ್ಭಪಾತದ ಪ್ರಮಾಣದಲ್ಲೂ ಅದೇ ಬಲೆ

ಗರ್ಭಧಾರಣೆಗೆ ಮೊದಲು ಹಂಚಿಕೆ ಆಗಿದ್ದರೆ, ಗರ್ಭಪಾತವನ್ನು ಗರ್ಭಿಣಿಯಾದವರ ಸಂಖ್ಯೆಯಿಂದ ಭಾಗಿಸುವುದೂ ಇದೇ ತಪ್ಪು. ಮತ್ತೆ ಕಲ್ಪಿತ ಲೆಕ್ಕ: ತಲಾ 100 ಮಂದಿ. ಔಷಧಿ ಗುಂಪಿನಲ್ಲಿ 50 ಮಂದಿ ಗರ್ಭಿಣಿಯಾಗಿ 10 ಗರ್ಭಪಾತ, 40 ಜನನ. ಇನ್ನೊಂದರಲ್ಲಿ 40 ಮಂದಿ ಗರ್ಭಿಣಿಯಾಗಿ 6 ಗರ್ಭಪಾತ, 34 ಜನನ. ಗರ್ಭಿಣಿಯರಿಂದ ಭಾಗಿಸಿದರೆ 20% ಎದುರು 15%, ಔಷಧಿ ಅಪಾಯಕಾರಿ ಎನಿಸುತ್ತದೆ. ಆದರೆ ಮಕ್ಕಳು ಹೆಚ್ಚು ಹುಟ್ಟಿದ್ದು ಅದೇ ಗುಂಪಿನಲ್ಲಿ. ಗರ್ಭ ನಿಲ್ಲದೆ ಹೋಗಬಹುದಾಗಿದ್ದ ದುರ್ಬಲ ಭ್ರೂಣಗಳೂ ಔಷಧಿಯಿಂದ ಬೀಟಾ ಹಂತ ದಾಟಿದ್ದರೆ ಹೀಗೆ ಆಗುತ್ತದೆ.

ಹಂಚಿಕೆಯೇ ಗರ್ಭ ನಿಂತ ಮೇಲೆ ಆಗಿದ್ದರೆ ಗರ್ಭಿಣಿಯರಿಂದ ಭಾಗಿಸುವುದು ಸರಿ. 2019ರ ಪ್ರಿಸಮ್ ಪ್ರಯೋಗ ಹಾಗಿದೆ. ಮೊದಲ 12 ವಾರದಲ್ಲಿ ರಕ್ತಸ್ರಾವ ಕಂಡ, ಸ್ಕ್ಯಾನ್‌ನಲ್ಲಿ ಗರ್ಭಚೀಲ ಗರ್ಭಕೋಶದೊಳಗೇ ಕಂಡ 4,153 ಮಹಿಳೆಯರಿಗೆ ಯೋನಿಯಲ್ಲಿಡುವ ಪ್ರೊಜೆಸ್ಟರಾನ್ 400 ಮಿಗ್ರಾಂ ದಿನಕ್ಕೆರಡು ಬಾರಿ, 16 ವಾರದವರೆಗೆ, ಅಥವಾ ಹುಸಿಔಷಧಿ. 34 ವಾರ ದಾಟಿದ ಜೀವಂತ ಜನನ 75% ಎದುರು 72%, ಪಿ ಮೌಲ್ಯ 0.08, ಅಂದರೆ ಸಂಖ್ಯಾಶಾಸ್ತ್ರದ ಪ್ರಕಾರ ಗಣನೀಯವಲ್ಲ. ಹಿಂದೆ ಮೂರು ಅಥವಾ ಹೆಚ್ಚು ಗರ್ಭಪಾತವಾದವರಲ್ಲಿ 72% ಎದುರು 57%. ಚಿಕಿತ್ಸಾ ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಪ್ರೊಜೆಸ್ಟರಾನ್ ಶಿಫಾರಸು ಮಾಡಿದ್ದು ರಕ್ತಸ್ರಾವ ಮತ್ತು ಹಿಂದಿನ ಗರ್ಭಪಾತ, ಎರಡೂ ಇರುವವರಿಗೆ. ರಕ್ತಸ್ರಾವವಿಲ್ಲದ ಪ್ರತಿ ಗರ್ಭಿಣಿಗೂ ಪ್ರೊಜೆಸ್ಟರಾನ್ ಬರೆಯಲು ಈ ಪ್ರಯೋಗವನ್ನು ಆಧಾರ ಮಾಡಿಕೊಳ್ಳಲಾಗದು. ಅವರು ಇದರ ಛೇದದಲ್ಲೇ ಇರಲಿಲ್ಲ. ಐವಿಎಫ್ ಆದ ಮೇಲೆ ಲೂಟಿಯಲ್ ಹಂತಕ್ಕೆ (ಅಂಡಾಣು ಬಿಡುಗಡೆಯ ನಂತರದ ದಿನಗಳು) ಕೊಡುವ ಪ್ರೊಜೆಸ್ಟರಾನ್‌ನ ಉದ್ದೇಶವೇ ಬೇರೆ.

ನಮ್ಮ ಬೆಳಗಾವಿಯೂ ಸೇರಿ ಆರು ದೇಶಗಳ ಕೇಂದ್ರಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಆಸ್ಪಿರಿನ್ ಪ್ರಯೋಗವನ್ನು ಅಭ್ಯಾಸಕ್ಕೆ ಬಳಸಿ. ಹಿಂದೆ ಹೆರಿಗೆಯಾಗಿರದ, ಗರ್ಭದಲ್ಲಿ ಒಂದೇ ಮಗು ಇರುವ 11,976 ಮಹಿಳೆಯರಿಗೆ 6 ವಾರದಿಂದ 13 ವಾರ 6 ದಿನದೊಳಗೆ ಹಂಚಿಕೆ; ದಿನಕ್ಕೆ 81 ಮಿಗ್ರಾಂ, 36 ವಾರ 6 ದಿನದವರೆಗೆ, ಅಥವಾ ಹುಸಿಔಷಧಿ. 37 ವಾರಕ್ಕೆ ಮೊದಲಿನ ಹೆರಿಗೆ 11.6% ಎದುರು 13.1%. ಇಲ್ಲಿ ಛೇದ ಹಂಚಿಕೆಯಾದ ಎಲ್ಲರೂ ಅಲ್ಲ: ಆಸ್ಪಿರಿನ್‌ನ 5,990ರಲ್ಲಿ 5,780, ಹುಸಿಔಷಧಿಯ 5,986ರಲ್ಲಿ 5,764. ಹಾಗಿದ್ದರೆ ಇದನ್ನೂ ತಳ್ಳಿಹಾಕಬೇಕೇ? ಕಳೆದು ನೋಡಿ: 210 ಮತ್ತು 222. ಎರಡೂ ಬದಿಯಿಂದ ಹೆಚ್ಚುಕಡಿಮೆ ಸಮನಾಗಿ, ಕಡಿಮೆ ಸಂಖ್ಯೆಯಲ್ಲಿ ಹೋಗಿದ್ದಾರೆ, ಹಾಗಾಗಿ ಹೋಲಿಕೆ ನಿಲ್ಲುತ್ತದೆ. ಸ್ಟಾರ್‌ನಲ್ಲಿ ಇದೇ ಕಳೆಯುವ ಲೆಕ್ಕ 56 ಎದುರು 18 ಕೊಡುತ್ತದೆ. ವ್ಯತ್ಯಾಸ 1.5 ಅಂಶ, 100ನ್ನು ಅದರಿಂದ ಭಾಗಿಸಿದರೆ, ಒಂದು ಅವಧಿಪೂರ್ವ ಹೆರಿಗೆ ತಪ್ಪಿಸಲು ಸುಮಾರು 67 ಮಂದಿಗೆ ಔಷಧಿ ಕೊಡಬೇಕು.

ಛೇದದ ಇನ್ನೊಂದು ಬಲೆ ಸೈಕಲ್ ಲೆಕ್ಕ: 60 ಮಹಿಳೆಯರ 100 ಸೈಕಲ್‌ನಲ್ಲಿ 30 ಜನನ ಆದರೆ ಸೈಕಲ್‌ಗೆ 30%, ಮಹಿಳೆಗೆ 50%. ವಿಫಲರಾದವರೇ ಮತ್ತೆ ಮತ್ತೆ ಬರುವುದರಿಂದ ಸೈಕಲ್‌ಗಳು ಪರಸ್ಪರ ಸ್ವತಂತ್ರವಲ್ಲ. 100 ಬೇರೆ ಬೇರೆ ಜನ ಎಂಬಂತೆ ಲೆಕ್ಕ ಮಾಡಿದರೆ ವಿಶ್ವಾಸ ವ್ಯಾಪ್ತಿ (ನಿಜವಾದ ಪ್ರಮಾಣ ಇರಬಹುದಾದ ಅಂದಾಜು ಮಿತಿಗಳು) ಸುಳ್ಳೇ ಕಿರಿದಾಗುತ್ತದೆ.

ವಾರ ಎಣಿಸುವ ಒಳದಾರಿ: 19 ಮತ್ತು 261

ಪ್ರಯೋಗಗಳ ಗಡಿಗಳೆಲ್ಲ ವಾರಗಳಲ್ಲಿ ಇರುವುದರಿಂದ ಐವಿಎಫ್ ಗರ್ಭದ ವಾರ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಐದನೇ ದಿನದ ಭ್ರೂಣ ಬಿಟ್ಟ ದಿನ ಗರ್ಭದ ವಯಸ್ಸು 2 ವಾರ 5 ದಿನ, ಅಂದರೆ 19 ದಿನ. 40 ವಾರದ 280 ದಿನದಲ್ಲಿ ಅದನ್ನು ಕಳೆದರೆ 261, ಆದ್ದರಿಂದ ಟ್ರಾನ್ಸ್‌ಫರ್ ದಿನಕ್ಕೆ 261 ಕೂಡಿಸಿದರೆ ಹೆರಿಗೆಯ ದಿನಾಂಕ. ಅಧಿಕ ವರ್ಷವಲ್ಲದ ವರ್ಷದ ಮಾರ್ಚ್ 1ರಂದು ಟ್ರಾನ್ಸ್‌ಫರ್ ಆದರೆ ನವೆಂಬರ್ 17. ತಾಳೆ ನೋಡಲು 19 ದಿನ ಹಿಂದೆ ಹೋಗಿ, ಫೆಬ್ರವರಿ 10. ಅದನ್ನೇ ಕೊನೆಯ ಮುಟ್ಟು ಎಂದುಕೊಂಡು ಒಂಬತ್ತು ತಿಂಗಳು ಏಳು ದಿನ ಸೇರಿಸಿದರೂ ನವೆಂಬರ್ 17. ಮೂರನೇ ದಿನದ ಭ್ರೂಣವಾದರೆ 17 ಮತ್ತು 263. 37 ವಾರ ತುಂಬುವುದು ಐದನೇ ದಿನದ ಟ್ರಾನ್ಸ್‌ಫರ್‌ಗೆ 240 ಕೂಡಿಸಿದಾಗ.

ಹೆಚ್ಚಾಗಿ ತಪ್ಪುವುದು ಫ್ರೋಜನ್ ಟ್ರಾನ್ಸ್‌ಫರ್‌ನಲ್ಲಿ, ಅಂದರೆ ಫ್ರೀಜ್ ಮಾಡಿಟ್ಟ ಭ್ರೂಣವನ್ನು ಆಮೇಲೆ ಬಿಡುವಾಗ. ಗರ್ಭಕೋಶದ ಒಳಪದರ ದಪ್ಪವಾಗಲೆಂದು ಈಸ್ಟ್ರೋಜನ್ ಮಾತ್ರೆ ಮೂರು ವಾರಕ್ಕಿಂತ ಹೆಚ್ಚು ನಡೆದಿರಬಹುದು. ಆಗ ತಾಯಿ ಕಾರ್ಡಿನಲ್ಲಿ ನಿಜವಾದ ಮುಟ್ಟಿನ ದಿನ ಬರೆದರೆ ಗರ್ಭ ಒಂದು ವಾರದಷ್ಟು ದೊಡ್ಡದೆಂದು ದಾಖಲಾಗುತ್ತದೆ. ಆಮೇಲೆ ಸರಿಯಾಗಿ ಬೆಳೆಯುತ್ತಿರುವ ಮಗುವನ್ನೂ ಬೆಳವಣಿಗೆ ಕುಂಠಿತ ಅನ್ನುತ್ತಾರೆ, 36 ವಾರದ ಮಗುವನ್ನು 37 ಎಂದು ಹೆರಿಗೆ ಮಾಡಿಸುವ ಅಪಾಯವೂ ಇದೆ. ಭ್ರೂಣ ಎಷ್ಟು ವರ್ಷ ಫ್ರೀಜರಿನಲ್ಲಿತ್ತು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಬಿಡುವಾಗ ಅದು ಎಷ್ಟನೇ ದಿನದ ಭ್ರೂಣವಾಗಿತ್ತು ಅನ್ನುವುದೊಂದೇ ಸಾಕು. ಹಾಗಾಗಿ ಟ್ರಾನ್ಸ್‌ಫರ್ ದಿನಾಂಕ ಮತ್ತು ಭ್ರೂಣದ ದಿನ, ಎರಡನ್ನೂ ಡಿಸ್ಚಾರ್ಜ್ ಚೀಟಿಯಿಂದ ನೋಡಿ ತಾಯಿ ಕಾರ್ಡಿಗೆ ಬರೆಸಿ.