ಟೈಪ್ ಬರೆದ ಮಾತ್ರಕ್ಕೆ ಆಬ್ಜೆಕ್ಟ್ ಆಗುವುದಿಲ್ಲ

ಪೈಥಾನ್ ಕೋಡನ್ನು ಪರಿಶೀಲನೆಗೆಂದು ನನ್ನ ಬಳಿ ತರುವವರಲ್ಲಿ ಬಹುತೇಕರು ಕಾನ್ಫಿಗ್ ಫೈಲನ್ನು, ಅಂದರೆ ಪ್ರೋಗ್ರಾಮಿನ ಸೆಟ್ಟಿಂಗ್‌ಗಳಿರುವ ಫೈಲನ್ನು, ಓದುವ ಭಾಗವನ್ನು ತೋರಿಸುವುದೇ ಇಲ್ಲ. ಅದರಲ್ಲಿ ನೋಡುವುದಕ್ಕೇನಿದೆ ಎಂಬ ಭಾವನೆ ಅವರದು. ನಾನು ಮೊದಲು ತೆರೆಯುವುದು ಅದನ್ನೇ. ಯಾಮಲ್ (ಸೆಟ್ಟಿಂಗ್‌ಗಳನ್ನು ಬರೆಯುವ ಒಂದು ಪಠ್ಯರೂಪ) ಫೈಲಿನಿಂದ ಬಂದ ಡಿಕ್ಷನರಿಯನ್ನು, ಅಂದರೆ ಕೀ (ಹೆಸರು) ಮತ್ತು ಮೌಲ್ಯಗಳ ಜೋಡಿಗಳನ್ನು, ಎರಡು ನಕ್ಷತ್ರ ಚಿಹ್ನೆ ಹಾಕಿ ಬಿಡಿಸಿ, ನೇರವಾಗಿ ಡೇಟಾಕ್ಲಾಸ್‌ಗೆ, ಅಂದರೆ ಫೀಲ್ಡ್‌ಗಳ ಹೆಸರು ಮತ್ತು ಟೈಪ್ ಬರೆದಿಟ್ಟ ಕ್ಲಾಸ್‌ಗೆ, ಕೊಟ್ಟಿರುತ್ತಾರೆ. ಹೊರಗಿನ ಆಬ್ಜೆಕ್ಟ್ ಸರಿಯಾಗಿಯೇ ಸೃಷ್ಟಿಯಾಗುತ್ತದೆ, ಆದರೆ ಅದರೊಳಗೆ ತನ್ನದೇ ಕ್ಲಾಸಿನ ಆಬ್ಜೆಕ್ಟ್ ಆಗಬೇಕಿದ್ದ ‘ಡೇಟಾಬೇಸ್’ ಫೀಲ್ಡ್ ಡಿಕ್ಷನರಿಯಾಗಿಯೇ ಉಳಿದಿರುತ್ತದೆ.

“ಸರ್, ಅಲ್ಲಿ ಟೈಪ್ ಬರೆದಿದ್ದೀನಲ್ಲ!” ಎನ್ನುತ್ತಾರೆ. ಬರೆದಿದ್ದೀರಿ, ನಿಜ. ಆದರೆ 2018ರಲ್ಲಿ ಪೈಥಾನ್ 3.7ರೊಂದಿಗೆ ಬಂದ ಡೇಟಾಕ್ಲಾಸ್ ಆ ಬರಹವನ್ನು ಫೀಲ್ಡ್ ಯಾವುದೆಂದು ಗುರುತಿಸುವುದಕ್ಕೆ ಬಳಸುತ್ತದೆಯೇ ಹೊರತು, ಬಂದ ಮೌಲ್ಯ ಆ ಟೈಪಿನದೇ ಎಂದು ಪರೀಕ್ಷಿಸುವುದಿಲ್ಲ, ಪರಿವರ್ತಿಸುವುದಂತೂ ಇಲ್ಲವೇ ಇಲ್ಲ. ಪೋರ್ಟ್‌ಗೆ ಪೂರ್ಣಾಂಕವೆಂದು ಬರೆದು ಸ್ಟ್ರಿಂಗ್ ಕೊಟ್ಟರೂ ಅದು ತುಟಿಪಿಟಕ್ಕೆನ್ನದೆ ಇಟ್ಟುಕೊಳ್ಳುತ್ತದೆ.

ತಪ್ಪು ಲೋಡ್ ಮಾಡುವಾಗ ಕಾಣಿಸದೆ, ಆ ಫೀಲ್ಡನ್ನು ಮೊದಲ ಬಾರಿ ಬಳಸುವಾಗ ಕಾಣಿಸುವುದೇ ಇಲ್ಲಿನ ದೊಡ್ಡ ತೊಂದರೆ. ನಾನು ಕಂಡ ಒಂದು ತಂಡದ ಕಾನ್ಫಿಗ್‌ನಲ್ಲಿ ಎಚ್ಚರಿಕೆಯ ಮೇಲ್ ಕಳಿಸುವ ವಿವರಗಳೆಲ್ಲ ಇಂಥದೇ ಒಂದು ಒಳವಿಭಾಗದಲ್ಲಿದ್ದವು. ಏನಾದರೂ ಕೆಟ್ಟಾಗ ಮಾತ್ರ ಆ ಕೋಡ್ ಓಡುತ್ತಿತ್ತು. ತಿಂಗಳುಗಟ್ಟಲೆ ಎಲ್ಲವೂ ಚೆನ್ನಾಗಿತ್ತು. ಡಿಸ್ಕ್ ತುಂಬಿದ ರಾತ್ರಿ, ಡಿಕ್ಷನರಿಗೆ ‘ಹೋಸ್ಟ್’ ಎಂಬ ಆಟ್ರಿಬ್ಯೂಟ್ ಇಲ್ಲವೆಂದು ಹೇಳಿ ಎಚ್ಚರಿಕೆಯ ಕೋಡೇ ಬಿದ್ದುಹೋಯಿತು. ಪಾಪ, ಬುದ್ಧಿವಂತ ಹುಡುಗರು, ಟೆಸ್ಟ್‌ಗಳನ್ನೂ ಬರೆದಿದ್ದರು. ಆದರೆ ಟೆಸ್ಟ್‌ನಲ್ಲಿ ಒಳಗಿನ ಆಬ್ಜೆಕ್ಟನ್ನು ಕೈಯಾರೆ ಕಟ್ಟಿ ಕೊಟ್ಟಿದ್ದರಿಂದ ನಿಜವಾದ ಫೈಲಿನ ದಾರಿಯನ್ನು ಯಾರೂ ಪರೀಕ್ಷಿಸಿರಲಿಲ್ಲ.

ಪ್ರತಿಯೊಂದು ಒಳವಿಭಾಗಕ್ಕೂ ಅದರ ಕ್ಲಾಸನ್ನು ಕರೆದು ಆಬ್ಜೆಕ್ಟ್ ಕಟ್ಟುವ ಸಣ್ಣ ಫಂಕ್ಷನ್ ಬರೆದರೆ ಸಾಕು. ವಿಭಾಗಗಳು ಹೆಚ್ಚಾದರೆ ಪೈಡ್ಯಾಂಟಿಕ್ ಎಂಬ ಪೈಥಾನ್ ಲೈಬ್ರರಿಯನ್ನು ಬಳಸಬಹುದು. ಅದು ಒಳಗಿನ ಮಾಡೆಲ್‌ಗಳನ್ನು ತಾನೇ ಕಟ್ಟುತ್ತದೆ, ಟೈಪನ್ನೂ ಪರೀಕ್ಷಿಸುತ್ತದೆ. ಆದರೂ ಕಣ್ಣುಮುಚ್ಚಿ ನಂಬಬೇಡಿ. ತನಗೆ ಗೊತ್ತಿಲ್ಲದ ಕೀಗಳನ್ನು ಅದು ಸಾಮಾನ್ಯವಾಗಿ ಸದ್ದಿಲ್ಲದೆ ಕೈಬಿಡುವುದರಿಂದ, ‘ಟೈಮ್‌ಔಟ್’ ಎಂಬುದರ ಸ್ಪೆಲ್ಲಿಂಗ್ ತಪ್ಪಿದರೆ ನೀವು ಫೈಲಿನಲ್ಲಿ ಬರೆದ ಮೌಲ್ಯ ಹೋಗಿ ಡೀಫಾಲ್ಟ್ ಮೌಲ್ಯ ಕೂತಿರುತ್ತದೆ. ಹೆಚ್ಚುವರಿ ಕೀಗಳನ್ನು ನಿಷೇಧಿಸುವ ಸೆಟ್ಟಿಂಗನ್ನು ನೀವೇ ಹಾಕಬೇಕು. ಈ ಒಂದು ವಿಷಯದಲ್ಲಿ ಡೇಟಾಕ್ಲಾಸೇ ಕಟ್ಟುನಿಟ್ಟು, ಅಪರಿಚಿತ ಹೆಸರು ಬಂದರೆ ಕೂಡಲೇ ಟೈಪ್‌ಎರರ್ ಕೊಡುತ್ತದೆ.

ಒಂದೇ ಫೈಲಿನ ಚಿಕ್ಕ ಸ್ಕ್ರಿಪ್ಟ್ ಆದರೆ ಇದ್ಯಾವುದೂ ಬೇಡ, ಡಿಕ್ಷನರಿಯನ್ನು ಡಿಕ್ಷನರಿಯಾಗಿಯೇ ಬಳಸಿ. ಅದಕ್ಕಿಂತ ದೊಡ್ಡದಾದರೆ, ಪ್ರೋಗ್ರಾಂ ಶುರುವಾಗುವಾಗಲೇ ಇಡೀ ಕಾನ್ಫಿಗನ್ನು ಕಟ್ಟಿ ಮುಗಿಸಿ, ಮತ್ತು ಫೈಲಿನಲ್ಲಿ ಸರ್ವರ್‌ಗಳ ಪಟ್ಟಿಯಿದ್ದರೆ ಅದನ್ನೂ ಒಮ್ಮೆ ನೋಡಿ: ಒಂಟಿ ಒಳವಿಭಾಗಗಳನ್ನೆಲ್ಲ ಸರಿಪಡಿಸಿದವರೂ ಪಟ್ಟಿಯೊಳಗಿನ ಡಿಕ್ಷನರಿಗಳನ್ನು ಹಾಗೆಯೇ ಬಿಟ್ಟಿರುತ್ತಾರೆ.